ಹವ್ಯಾಸದ ಖಾತೆಗೆ ಬಿದ್ದ ದುಡಿಮೆ

ದುಡಿಯುವ ತಾಯಂದಿರನ್ನು ಮಾತಾಡಿಸುವಾಗ ನಮ್ಮ ಮಹಿಳಾ ಪುರವಣಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಇಷ್ಟನ್ನೆಲ್ಲ ಹೇಗೆ ನಿಭಾಯಿಸುತ್ತೀರಿ? ಉತ್ತರವೂ ಹೆಚ್ಚುಕಡಿಮೆ ಗೊತ್ತಿರುವುದೇ. ಬೆಳಗಿನ ಜಾವ ಏಳುತ್ತೇನೆ, ಮನೆಯವರು ಸಹಕರಿಸುತ್ತಾರೆ, ಮಗು ಮಲಗಿದ ಮೇಲೆ ಒಂದಿಷ್ಟು ಹೊತ್ತು ನನ್ನ ಕಸೂತಿಗೋ ಕುಚ್ಚಿಗೋ ಮೀಸಲು. ಪ್ರಶ್ನೆಯಲ್ಲಿ ಕೆಡುಕಿಲ್ಲ, ಮೆಚ್ಚುಗೆಯೇ ಇದೆ. ಆದರೆ ಇಷ್ಟೆಲ್ಲವೂ ಅವಳೊಬ್ಬಳ ಪಾಲಿಗೆ ಬಂದದ್ದು ಹೇಗೆ ಎಂದು ಅದು ಕೇಳುವುದಿಲ್ಲ. ಆ ಬಿಟ್ಟುಹೋದ ಪ್ರಶ್ನೆಯನ್ನು ಒಂದೇ ಒಂದು ವೃತ್ತಿಯನ್ನು ಹಿಡಿದು ಕೇಳಿ ನೋಡಬಹುದು: ಶಾಲಾ ಮಕ್ಕಳ ನಡುವೆ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್. ಅವಳು ತಾಯಿ, ಕೈಗೆಲಸದ ಹುಚ್ಚೂ ಇದೆ. ಅವಳ ಕೆಲಸದ ಸೀಮೆಯನ್ನು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯಂಥ ಕಡೆ ಇಟ್ಟುಕೊಂಡರೆ ವಿಷಯ ಇನ್ನೂ ಬಿಚ್ಚಿಕೊಳ್ಳುತ್ತದೆ. ನನ್ನ ವಾದ ಇಷ್ಟು: ಇಂಥವಳ ಸಂಜೆಯಲ್ಲಿ ನಾವು ಹವ್ಯಾಸ ಎಂದು ಕರೆಯುವುದರ ದೊಡ್ಡ ಪಾಲು ಸಂಬಳವಿಲ್ಲದ ಶಾಲಾ ಕೆಲಸ. ಅದನ್ನು ಲೆಕ್ಕಕ್ಕೆ ತರದೆ ಸಮತೋಲನದ ಮಾತಾಡುವುದು, ತಕ್ಕಡಿಯ ಒಂದು ತಟ್ಟೆಗೆ ಕದ್ದು ಕಲ್ಲು ಹಾಕಿ, ಮುಳ್ಳು ಯಾಕೆ ವಾಲಿತು ಎಂದು ಹಿಡಿದವಳನ್ನೇ ಕೇಳಿದಂತೆ.

ಆಕ್ಯುಪೇಷನಲ್ ಥೆರಪಿ ಎಂದರೇನೆಂದು ನಮ್ಮ ಕಡೆ ಇನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಬಿಗಿದ ಮಂಡಿಯನ್ನು ಸಡಿಲಿಸುವುದು ಫಿಸಿಯೋಥೆರಪಿಸ್ಟರ ಕೆಲಸವಾದರೆ, ಅದೇ ಮಗು ಬಿಸಿಯೂಟದ ತಟ್ಟೆಯ ಮುಂದೆ ಕೂತು ತಾನೇ ತುತ್ತು ಎತ್ತುವಂತೆ, ಅಂಗಿಯ ಗುಂಡಿ ಹಾಕಿಕೊಳ್ಳುವಂತೆ, ಪೆನ್ಸಿಲ್ ಹಿಡಿದು ಗೆರೆ ಎಳೆಯುವಂತೆ, ಯಾರನ್ನೂ ಕರೆಯದೆ ಶೌಚಾಲಯಕ್ಕೆ ಹೋಗಿಬರುವಂತೆ ಮಾಡುವುದು ಈಕೆಯ ಕೆಲಸ. ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ 1975ರ ಕಾಯ್ದೆಯೇ ಈ ಸೇವೆಯನ್ನು ಶಾಲೆಯ ಹೊಣೆಗಳಲ್ಲಿ ಸೇರಿಸಿತು. ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಯುವ ಅವಕಾಶ ಕೊಟ್ಟ 2012ರ ತಿದ್ದುಪಡಿ ಇದೆ. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇದೆ. ಇಲ್ಲದಿರುವುದು ಆಳು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಎಲ್ಲರ ಬಾಯಲ್ಲಿ ಬಿ.ಐ.ಇ.ಆರ್.ಟಿ.ಗಳು, ಇರುತ್ತಾರೆ, ಫಿಸಿಯೋಥೆರಪಿಸ್ಟರು ಗೊತ್ತುಮಾಡಿದ ದಿನ ಬಂದುಹೋಗುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಎಂಬ ಕಾಯಂ ಹುದ್ದೆ ಸರ್ಕಾರಿ ಶಾಲೆಗಳ ರೂಢಿಯಲ್ಲೇ ಇಲ್ಲ. ಆ ವೃತ್ತಿಗೆ ರಾಷ್ಟ್ರಮಟ್ಟದ ಶಾಸನದ ಮನ್ನಣೆ ಸಿಕ್ಕಿದ್ದೇ 2021ರಲ್ಲಿ, ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಬಂದ ಮೇಲೆ. ಹಾಗಾಗಿ ಕೆಲಸ ಹಂಚಿಹೋಗಿದೆ: ಒಂದಿಷ್ಟು ಬಿ.ಐ.ಇ.ಆರ್.ಟಿ.ಗಳ ಮೇಲೆ, ಒಂದಿಷ್ಟು ಸ್ವಯಂಸೇವಾ ಸಂಸ್ಥೆಗಳು ನೇಮಿಸಿಕೊಂಡ ಥೆರಪಿಸ್ಟರ ಮೇಲೆ, ಉಳಿದದ್ದು ಸುಮಾರು 70 ಕಿಲೋಮೀಟರ್ ದೂರದ ಮೈಸೂರಿಗೆ ಮಗುವನ್ನು ಎತ್ತಿಕೊಂಡು ಹೋಗುವ ತಾಯಿಯ ಮೇಲೆ. ಈ ಲೇಖನದಲ್ಲಿ ಥೆರಪಿಸ್ಟ್ ಎಂದಾಗ, ಹುದ್ದೆಯ ಹೆಸರು ಏನೇ ಇರಲಿ, ಈ ಕೆಲಸ ಮಾಡುವ ಹೆಂಗಸು ಎಂದು ಓದಿಕೊಳ್ಳಬೇಕು.

ಕೈಗೆಲಸ ಈ ವೃತ್ತಿಗೆ ಹೊರಗಿನಿಂದ ಬಂದದ್ದಲ್ಲ, ಹುಟ್ಟಿನಲ್ಲೇ ಇದ್ದದ್ದು. ಸೂಸನ್ ಟ್ರೇಸಿ ಎಂಬ ಅಮೆರಿಕದ ನರ್ಸ್ ಹಾಸಿಗೆ ಹಿಡಿದ ರೋಗಿಗಳಿಗೆ ಯಾವ ಯಾವ ಕೈಕೆಲಸ ಒಗ್ಗುತ್ತದೆ ಎಂದು 1910ರಲ್ಲೇ ಪುಸ್ತಕ ಬರೆದಿದ್ದರು. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಕೆಲವರು ಕಲೆತು ಈ ವೃತ್ತಿಗೆ ಸಂಘ ಕಟ್ಟಿದಾಗ ಅವರ ಬೆನ್ನಿಗಿದ್ದದ್ದು ವಿಲಿಯಂ ಮಾರಿಸ್‌ನ ಕಾಲದಿಂದ ಹರಿದುಬಂದ ಕರಕುಶಲ ಚಳವಳಿ. ಯಂತ್ರದ ಮುಂದೆ ನಿಂತು ಮಂಕಾದ ಮನುಷ್ಯನಿಗೆ ಮಗ್ಗ, ಬುಟ್ಟಿ, ಮರಗೆಲಸ ಮರಳಿ ಜೀವ ಕೊಡುತ್ತವೆ ಎಂಬ ನಂಬಿಕೆ. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ತೆರೆದರು. 1952ರಲ್ಲಿ ವಿಶ್ವ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಹಳೆಯ ಸಂಬಂಧವಿದ್ದೂ ತಾಲ್ಲೂಕುಗಳಲ್ಲಿ ಈ ವೃತ್ತಿ ಇನ್ನೂ ಹೊಸಬರಂತೆ ಬಾಗಿಲ ಬಳಿ ನಿಂತಿರುವುದು ಬೇರೆಯೇ ಚರ್ಚೆಯ ವಿಷಯ.

ಈಗ ಆಕೆಯ ಸಂಜೆಗೆ ಬರೋಣ. ಅಂಗವಿಕಲ ಮಕ್ಕಳಿಗೆ ಸರ್ಕಾರ ಸಾಧನ ಸಲಕರಣೆ ಕೊಡುತ್ತದೆ. ಕಾನ್ಪುರದಲ್ಲಿ 1972ರಲ್ಲಿ ಶುರುವಾದ ಕೃತಕ ಅಂಗಗಳ ನಿಗಮ ತಯಾರಿಸಿದ ಗಾಲಿಕುರ್ಚಿ, ವಾಕರ್, ವಿಶೇಷ ಕುರ್ಚಿಗಳು ಶಿಬಿರಗಳ ಮೂಲಕ ಮಕ್ಕಳ ಮನೆ ತಲುಪುತ್ತವೆ. ಆದರೆ ಕಾರ್ಖಾನೆ ಅಳತೆಯಲ್ಲಿ ಮಾಡುತ್ತದೆ, ಮಗು ಅಳತೆಯಲ್ಲಿ ಬೆಳೆಯುವುದಿಲ್ಲ. ಬೆನ್ನು ವಾಲುವ ಮಗುವಿಗೆ ಎಡಬದಿಗೆ ಫೋಮಿನ ಒತ್ತು ಬೇಕು. ಮುಷ್ಟಿ ಬಿಗಿಯದ ಮಗುವಿಗೆ ಚಮಚದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಬೇಕು. ಬರೆಯುವ ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಬೇಕು, ಗುಂಡಿಯ ಜಾಗಕ್ಕೆ ವೆಲ್ಕ್ರೋ ಹೊಲಿಯಬೇಕು, ರಟ್ಟಿನ ಪದರಗಳನ್ನು ಅಂಟಿಸಿ ಮೂಲೆಕುರ್ಚಿ ಮಾಡಬೇಕು. ಮಾತು ಬಾರದ ಮಗುವಿಗೆ ಚಿತ್ರಪಟ್ಟಿ ಬೇಕು, ಅದೂ ಆ ಮಗುವಿನ ಮನೆಯ ನೀರಿನ ಬಿಂದಿಗೆ, ಆ ಮನೆಯ ಎಮ್ಮೆ ಇರುವಂಥದ್ದು. ಇವು ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕರೂ ಮೈಸೂರಲ್ಲೋ ಬೆಂಗಳೂರಲ್ಲೋ ಬಾಯಿಗೆ ಬಂದ ಬೆಲೆಗೆ. ಹಗಲೆಲ್ಲ ಶಾಲೆ, ಮನೆಭೇಟಿ, ಬಸ್ಸಿಗೆ ಕಾಯುವುದು, ನಮೂನೆ ತುಂಬುವುದು. ಹಾಗಾದರೆ ಇವುಗಳನ್ನು ಮಾಡುವುದು ಯಾವಾಗ? ರಾತ್ರಿ, ಮನೆಯಲ್ಲಿ, ತನ್ನದೇ ಕತ್ತರಿಯಿಂದ, ಎಷ್ಟೋ ಸಲ ತನ್ನದೇ ದುಡ್ಡಿನಿಂದ. ಪಕ್ಕದ ಮನೆಯವರ ಕಣ್ಣಿಗೆ ಅದು ಕ್ರಾಫ್ಟು. ‘ನಿಮಗೆ ಎಷ್ಟು ಚೆನ್ನಾಗಿ ಟೈಂ ಪಾಸ್ ಆಗತ್ತೆ’ ಎಂಬ ಮಾತು. ಮೇಲಧಿಕಾರಿಯ ಕಣ್ಣಿಗೆ ಅದು ಆಸಕ್ತಿ, ಉತ್ಸಾಹ, ಸಮರ್ಪಣಾಭಾವ. ಅದನ್ನು ಕೆಲಸ ಎಂದು ಕರೆಯುವ ಕಾಲಂ ಮಾತ್ರ ಯಾವ ನಮೂನೆಯಲ್ಲೂ ಇಲ್ಲ.

ಅದೇ ಸಂಜೆಯಲ್ಲಿ ಇನ್ನೊಂದು ಕೈಗೆಲಸವೂ ನಡೆಯುತ್ತಿರಬಹುದು. ಸೀರೆಯ ಸೆರಗಿಗೆ ಕುಚ್ಚು ಹಾಕುವುದು, ಕ್ರೋಶಾ, ಬ್ಲೌಸಿನ ಕಸೂತಿ, ವೈರ್ ಬುಟ್ಟಿ, ಉಲ್ಲನ್ನಿನ ಬಾಗಿಲು ತೋರಣ. ಇವು ಹಳೇ ಮೈಸೂರಿನ ಸಣ್ಣ ಊರುಗಳ ಹೆಂಗಸರಿಗೆ ಕೈಖರ್ಚಿನ ದಾರಿ. ಗುತ್ತಿಗೆಯ ಅಥವಾ ಯೋಜನೆಯ ಕೆಲಸದಲ್ಲಿ ಸಂಬಳ ತಡವಾಗಿ ಬರುವ ತಿಂಗಳು ಮನೆಯ ಹಾಲಿನ ಲೆಕ್ಕ ತೀರುವುದು ಕುಚ್ಚಿನಿಂದಲೇ ಎಂದರೆ ಅದೂ ಹವ್ಯಾಸವಲ್ಲ, ಎರಡನೇ ನೌಕರಿ. ಮೂರನೆಯದೂ ಒಂದಿದೆ: ಯಾರಿಗೂ ಬೇಡದ, ಯಾರೂ ಕೊಳ್ಳದ, ತನಗೇ ಖುಷಿ ಎನ್ನಿಸಿದ್ದಕ್ಕೆ ಮಾಡುವ ಕೈಗೆಲಸ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ದಾರ, ಸೂಜಿ, ದೀಪ, ಬಗ್ಗಿದ ಕತ್ತು. ಸಮತೋಲನದ ಮಾತು ಈ ಮೂರನ್ನೂ ಒಂದೇ ಹೆಸರಿನಿಂದ ಕರೆದು ಮೋಸ ಮಾಡುತ್ತದೆ. ಮೊದಲನೆಯದು ಕಚೇರಿಯ ವೇಳೆಯೊಳಗೆ ಬರಬೇಕು. ಎರಡನೆಯದು ಬೇಕಾಗದಷ್ಟು ಸಂಬಳ ಇರಬೇಕು. ಮೂರನೆಯದನ್ನು ಅದರ ಪಾಡಿಗೆ ಬಿಡಬೇಕು. ಹೀಗೆ ಬೇರ್ಪಡಿಸಿದ ಮೇಲೂ ದಿನ ಸಾಲದಿದ್ದರೆ ಆಗ ಬೇಕಾದರೆ ಅವಳ ವೇಳಾಪಟ್ಟಿಯ ಬಗ್ಗೆ ಮಾತಾಡೋಣ.

ತಾಯ್ತನದ ವಿಷಯಕ್ಕೆ ಬಂದರೆ, ಸುಲಭವಾಗಿ ಬಾಯಿಗೆ ಬರುವ ಮಾತೊಂದಿದೆ: ತಾಯಿಯಾದವಳು ಒಳ್ಳೆಯ ಥೆರಪಿಸ್ಟ್ ಆಗುತ್ತಾಳೆ, ಮಗುವಿನ ಮನಸ್ಸು ಅವಳಿಗೆ ಗೊತ್ತು. ಕೇಳಲು ಹಿತ. ಇದರಲ್ಲಿ ಒಂದಂಶ ನಿಜವೂ ಇರಬಹುದು. ಆದರೆ ಮಕ್ಕಳಿಲ್ಲದ ಒಳ್ಳೆಯ ಥೆರಪಿಸ್ಟರು, ಗಂಡಸು ಥೆರಪಿಸ್ಟರು ಕೂಡ ಇದ್ದಾರೆ ಎಂಬಷ್ಟಕ್ಕೇ ಆ ಮಾತು ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಡೆ ಇದೆ, ಮತ್ತು ಅದಕ್ಕೆ ಸಾಕ್ಷಿ ಮೈಸೂರು ಜಿಲ್ಲೆಯಲ್ಲೇ ಸಿಗುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅಂಗನವಾಡಿ ಹುಟ್ಟಿದ್ದು ಹಾಗೆ. ಅಲ್ಲಿ ದುಡಿಯುವ ಹೆಂಗಸರನ್ನು ನೌಕರರು ಎನ್ನಲಿಲ್ಲ, ಗೌರವ ಕಾರ್ಯಕರ್ತೆಯರು ಎಂದರು. ಕೊಟ್ಟದ್ದು ಸಂಬಳವಲ್ಲ, ಗೌರವಧನ. ಊರಿನ ಮಕ್ಕಳನ್ನು ನೋಡಿಕೊಳ್ಳುವುದು ತಾಯ್ತನದ ವಿಸ್ತರಣೆ, ಅರ್ಧ ದಿನದ ಸೇವೆ ಎಂಬ ಎಣಿಕೆ ಅದರ ಹಿಂದಿತ್ತು. ಅವರ ಕೆಲಸ ಅರೆಕಾಲಿಕವಲ್ಲ, ಗೌರವಧನವೂ ವೇತನವೇ, ಅವರು ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2022ರ ಏಪ್ರಿಲ್ ಆಗಿತ್ತು; ನಲವತ್ತಾರು ವರ್ಷ ಕಳೆದಿದ್ದವು. ತಾಯ್ತನವನ್ನು ಅರ್ಹತೆ ಮಾಡಿದ ಕೂಡಲೇ ಸಂಬಳ ಗೌರವಧನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದ್ದನೆಯ ಪುರಾವೆ ಬೇಕಿಲ್ಲ. ಆದ್ದರಿಂದ ಥೆರಪಿಸ್ಟಿನ ತಾಯ್ತನವನ್ನು ಹೊಗಳುವವರು ಅದನ್ನು ಅವಳ ಮನೆಗೆ ಬಿಟ್ಟು, ಅವಳ ಪದವಿ, ತರಬೇತಿ, ಸೇವಾವಧಿಗಳನ್ನು ಹೊಗಳಿದರೆ ಉಪಕಾರವಾಗುತ್ತದೆ.

ಈ ಲೆಕ್ಕದಲ್ಲಿ ಇನ್ನೊಬ್ಬ ತಾಯಿಯೂ ಇದ್ದಾಳೆ. ಚಿಕಿತ್ಸೆ ಬೇಕಾದ ಮಗುವಿನ ತಾಯಿ. ಥೆರಪಿಸ್ಟ್ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುವವಳು. ಉಳಿದ ದಿನಗಳಿಗೆ ಅವಳು ‘ಮನೆಯಲ್ಲಿ ಇದನ್ನು ದಿನಾ ಮಾಡಿಸಿ’ ಎಂದು ಹೇಳಿಹೋಗುತ್ತಾಳೆ. ಕಿವುಡು ಮಕ್ಕಳ ಜೊತೆ ತಾಯಂದಿರೂ ದಿನವೂ ತರಗತಿಯಲ್ಲಿ ಕೂತು ಕಲಿತು ಕಲಿಸುವ ಶಾಲೆ ಮೈಸೂರಿನಲ್ಲಿದೆ. ಅದರ ಫಲವನ್ನು ಯಾರೂ ಅಲ್ಲಗಳೆಯಲಾರರು, ಅದಕ್ಕಾಗಿ ಆ ತಾಯಂದಿರು ಊರು, ಕೂಲಿ, ಉಳಿದ ಮಕ್ಕಳನ್ನು ಬಿಟ್ಟು ಬಂದಿರುತ್ತಾರೆ ಎಂಬುದನ್ನೂ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ವರ್ಷಚಕ್ರ ಹೊಗೆಸೊಪ್ಪಿನದು. ಮೇ-ಜೂನ್‌ನಲ್ಲಿ ನಾಟಿ, ಮುಂಗಾರಿನ ನಡುವೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯುವುದು, ಆಮೇಲೆ ದರ್ಜೆ ವಿಂಗಡಿಸಿ ಹರಾಜಿಗೆ ಕಳಿಸುವುದು. ಇದರಲ್ಲಿ ಕಟ್ಟುವ, ವಿಂಗಡಿಸುವ ಕೆಲಸದ ಬಹುಪಾಲು ಹೆಂಗಸರದು. ಶಾಲೆ ತೆರೆದು ಥೆರಪಿಯ ವರ್ಷ ಶುರುವಾಗುವ ಹೊತ್ತಿಗೇ ತಾಯಿಯ ಕೈಗಳು ಹೊಲಕ್ಕೆ ಹೋಗಿರುತ್ತವೆ. ಆಗಸ್ಟ್‌ನಲ್ಲಿ ಮಗು ಹಿಂದೆ ಬಿದ್ದರೆ ಕಡತದಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂದು ಬರೆಯುವುದು ಸುಲಭ. ಅದು ನಿರ್ಲಕ್ಷ್ಯವಲ್ಲ, ಋತು. ಹೊಗೆಸೊಪ್ಪಿನ ಪಂಚಾಂಗವನ್ನು ನೋಡದೆ ಬರೆದ ಗೃಹಾಧಾರಿತ ಶಿಕ್ಷಣದ ಯೋಜನೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಗದದ ಮೇಲಷ್ಟೇ ನಡೆಯಬಲ್ಲದು.

ಕೈಗೆಲಸ ಇಲ್ಲಿಯೇ ಉಪಯೋಗಕ್ಕೆ ಬರುವುದು, ಥೆರಪಿಸ್ಟಿನ ಹವ್ಯಾಸವಾಗಿ ಅಲ್ಲ, ಅವಳ ವಿದ್ಯೆಯಾಗಿ. ಮನೆಯಲ್ಲಿ ಹೇಗೂ ನಡೆಯುವ ಕೆಲಸದೊಳಗೇ ಮಗುವಿನ ಅಭ್ಯಾಸವನ್ನು ಸೇರಿಸಿದರೆ ತಾಯಿಗೆ ಹೊಸದಾಗಿ ಅರ್ಧ ಗಂಟೆ ಹುಡುಕುವ ಪಾಡು ತಪ್ಪುತ್ತದೆ. ನೆನೆಸಿದ ಅವರೆಕಾಳನ್ನು ಹಿದುಕುವಾಗ ಹೆಬ್ಬೆರಳು ತೋರುಬೆರಳುಗಳು ಮಾಡುವ ಚಲನೆಯನ್ನೇ ಥೆರಪಿ ಕೋಣೆಯಲ್ಲಿ ದುಬಾರಿ ಪ್ಲಾಸ್ಟಿಕ್ ಕ್ಲಿಪ್ಪುಗಳಿಂದ ಕಲಿಸುತ್ತಾರೆ. ಹೂ ಕಟ್ಟುವಾಗ ಎರಡು ಕೈಗಳಿಗೂ ಬೇರೆ ಬೇರೆ ಕೆಲಸ. ರಂಗೋಲಿಯ ಚುಕ್ಕಿಯಲ್ಲಿ ಅಳತೆ, ದಿಕ್ಕು, ಬೆರಳ ಹಿಡಿತ ಮೂರೂ ಇವೆ. ಅಕ್ಕಿಯಲ್ಲಿ ಕಲ್ಲು ಆರಿಸುವುದರಲ್ಲಿ ಕಣ್ಣು ಕೈಗಳ ಹೊಂದಾಣಿಕೆ. ಯಾವ ಮಗುವಿಗೆ ಯಾವುದು, ಎಷ್ಟು ಹೊತ್ತು, ಹೇಗೆ ಕೂರಿಸಿ, ಯಾವ ಬೆರಳಿಗೆ ಆಸರೆ ಕೊಟ್ಟು ಎಂದು ತೀರ್ಮಾನಿಸುವುದಕ್ಕೆ ತರಬೇತಿ ಬೇಕು. ಕೈಗೆಲಸ ಗೊತ್ತಿದ್ದ ಮಾತ್ರಕ್ಕೆ ಅದು ಬರುವುದಿಲ್ಲ. ಹಾಗೆಯೇ, ಬೆರಳಿಗೆ ಒಳ್ಳೆಯ ಕಸರತ್ತಾದದ್ದೆಲ್ಲ ಮಗುವಿಗೆ ಒಳ್ಳೆಯದೂ ಅಲ್ಲ. ಸೊಪ್ಪು ಕಟ್ಟುವುದು ಬಹಳ ಚುರುಕು ಬೆರಳಿನ ಕೆಲಸ. ಆದರೆ ಹಸಿ ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ವಾಂತಿ, ತಲೆಸುತ್ತು ತರುತ್ತದೆ. ಅದು ಮಕ್ಕಳ ಕೈಗೆ ಬರಲೇಕೂಡದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ, ಅದನ್ನು ಹಗುರ ಮಾಡುವಂತಿಲ್ಲ. ಕೈಗೆಲಸವನ್ನು ಶಾಲೆಗೆ ತರುವ ಮಾತು ನಮ್ಮ ಸಮಾಜದಲ್ಲಿ ಎಂದೂ ಬರಿಯ ಕೈಗೆಲಸದ ಮಾತಾಗಿ ಉಳಿದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ಮೂಲಶಿಕ್ಷಣದ ಯೋಚನೆ ರೂಪುಗೊಂಡಾಗಲೇ ಇದು ಮಕ್ಕಳ ದುಡಿಮೆಯಾಗುತ್ತದೆಯೆ ಎಂದು ಕೇಳಿದವರಿದ್ದರು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆತನದ ಕಸುಬು ಎಂಬ ಯೋಜನೆ ತಂದಾಗ ಅದು ಜಾತಿಯ ಕಸುಬಿಗೆ ಮಕ್ಕಳನ್ನು ಮರಳಿ ಕಟ್ಟುವ ಹುನ್ನಾರ ಎಂದು ಎದ್ದ ಪ್ರತಿಭಟನೆ ಎಷ್ಟು ಬಲವಾಗಿತ್ತೆಂದರೆ, ರಾಜಾಜಿ ಇಳಿದು ಕಾಮರಾಜ್ ಬಂದ ಮೇಲೆ 1954ರಲ್ಲಿ ಅದನ್ನು ಕೈಬಿಡಬೇಕಾಯಿತು. ಆ ಪ್ರತಿಭಟನೆ ಸರಿಯಾಗಿಯೇ ಇತ್ತು. ಮೇದರ ಮಗುವಿಗೆ ಬಿದಿರು, ಜೇನು ಕುರುಬರ ಹಾಡಿಯ ಮಗುವಿಗೆ ಕಾಡಿನ ಕೆಲಸ ಎಂದು ಥೆರಪಿಯ ಹೆಸರಿನಲ್ಲಿ ಹಂಚಿದರೆ ಅದೇ ತಪ್ಪು ಹಿಂಬಾಗಿಲಿನಿಂದ ಬಂದಂತೆ. ಆದರೆ ಥೆರಪಿಯಲ್ಲಿ ಕೈಗೆಲಸದ ಆಯ್ಕೆ ಹುಟ್ಟಿನಿಂದಲ್ಲ, ಆ ಮಗುವಿನ ಬೆರಳು, ಕಣ್ಣು, ಆಸೆಯಿಂದ ಆಗುತ್ತದೆ. ಅದರ ಗುರಿ ಮಾರುವ ವಸ್ತುವಲ್ಲ, ತಾನೇ ಉಣ್ಣುವ ತಾನೇ ಬರೆಯುವ ಕೈ. ಮೇದರ ಹುಡುಗಿಗೆ ಕೀಬೋರ್ಡು, ಗೌಡರ ಹುಡುಗನಿಗೆ ಹೂ ಕಟ್ಟುವುದು ಸರಿಹೊಂದಿದರೆ ಅದೇ ಸರಿ. ಗಂಡುಮಕ್ಕಳ ಕೈಗೆ ಹೂದಾರ ಕೊಡುವಾಗ ಮನೆಯಲ್ಲಿ ಏಳುವ ನಗುವನ್ನು ಥೆರಪಿಸ್ಟ್ ಎದುರಿಸಬೇಕಾಗುತ್ತದೆ. ಅದೂ ಅವಳ ಕೆಲಸದ ಭಾಗವೇ.

ವೃತ್ತಿಯ ಒಳಗಿನಿಂದ ಬರುವ ಆಕ್ಷೇಪ ಬೇರೆ ಬಗೆಯದು. ಬುಟ್ಟಿ ಹೆಣೆಸುವ ಕಾಲ ಹೋಯಿತು, ಈಗ ನರವಿಜ್ಞಾನದ ಕಾಲ, ಕ್ರಾಫ್ಟಿನ ಮಾತೆತ್ತಿದರೆ ವೈದ್ಯರು ನಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದು. ಇಪ್ಪತ್ತನೇ ಶತಮಾನದ ನಡುವೆ ಈ ವೃತ್ತಿ ನಿಜವಾಗಿಯೂ ಕೈಗೆಲಸದಿಂದ ದೂರ ಸರಿದು ಸ್ನಾಯು, ಕೀಲುಗಳ ಅಳತೆಯತ್ತ ಹೋಗಿತ್ತು. ಅದೇ ವೃತ್ತಿಯ ಮೇರಿ ರೈಲಿ 1961ರಲ್ಲಿ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ವೃತ್ತಿಯವರನ್ನೇ ಎಚ್ಚರಿಸಿ, ಮನಸ್ಸಿಟ್ಟು ದುಡಿಯುವ ಕೈ ಮನುಷ್ಯನ ಆರೋಗ್ಯವನ್ನೇ ಬದಲಿಸಬಲ್ಲದು ಎಂಬ ಮೂಲ ನಂಬಿಕೆಯನ್ನು ನೆನಪಿಸಿದರು. ಹಾಗೆಂದು ಕೈಗೆಲಸದ ಪರವಾಗಿ ಉತ್ಪ್ರೇಕ್ಷೆಯೂ ಬೇಡ. 2013ರಲ್ಲಿ ಬ್ರಿಟನ್ನಿನ ವೃತ್ತಿಪತ್ರಿಕೆಯೊಂದರಲ್ಲಿ 3,500ಕ್ಕೂ ಹೆಚ್ಚು ಹೆಣಿಗೆಗಾರರ ಸಮೀಕ್ಷೆ ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿಯನ್ನು ವರದಿ ಮಾಡಿದ್ದರು. ಆದರೆ ಅವರೆಲ್ಲ ತಾವಾಗಿ ಉತ್ತರಿಸಲು ಮುಂದೆ ಬಂದವರು. ಹೆಣಿಗೆಯಿಂದ ನೆಮ್ಮದಿಯೋ, ನೆಮ್ಮದಿ ಇದ್ದವರಿಗೆ ಹೆಣಿಗೆಯೋ ಎಂದು ಆ ಸಮೀಕ್ಷೆ ಹೇಳಲಾರದು. ಕ್ರಾಫ್ಟ್ ಮಾಡಿ, ದಣಿವು ಮಾಯ ಎಂದು ದಣಿದ ಉದ್ಯೋಗಸ್ಥೆಗೆ ಸಲಹೆ ಕೊಡುವವರು ಇದನ್ನು ನೆನಪಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬ ದಣಿವನ್ನು ವಿವರಿಸುವಾಗ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಸ್ಥಳದ ಒತ್ತಡದ ಫಲ ಎಂದಿತು. ಕಾರಣ ಕೆಲಸದ ಸ್ಥಳದಲ್ಲಿರುವಾಗ ಮದ್ದನ್ನು ಕ್ರೋಶಾ ಕಡ್ಡಿಯಲ್ಲಿ ಹುಡುಕುವುದು ಹೇಗೆ?

ಕೆಲಸವನ್ನು ಬೇರೆ ರೀತಿ ಜೋಡಿಸುವುದಕ್ಕೆ ದುಡ್ಡೆಲ್ಲಿ ಎಂದು ಕೇಳುವವರು ಇರುತ್ತಾರೆ. ಒಂದು ಹೋಬಳಿಯಲ್ಲಿ ಇಂಥ ಮಕ್ಕಳು ಎಷ್ಟು ಮಹಾ ಎಂದೂ. ಎರಡನೆಯ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಾಗಿದೆ: ಹಕ್ಕು ತಲೆ ಎಣಿಕೆಯ ಮೇಲೆ ನಿಂತಿಲ್ಲ. ವಿಶೇಷ ಶಿಕ್ಷಕರ ಬಗ್ಗೆ ಸುಪ್ರೀಂ ಕೋರ್ಟ್ 2021ರ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಅನುಪಾತವನ್ನೇ ಹೇಳಿತು. ಥೆರಪಿಸ್ಟರಿಗೆ ಇಂಥ ಅನುಪಾತ ಇನ್ನೂ ಇಲ್ಲ, ಇರಬೇಕು. ಪ್ರತಿ ಶಾಲೆಗೊಬ್ಬರು ಬೇಕೆಂದೇನೂ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪದ್ಧತಿಯಲ್ಲಿ ಥೆರಪಿಸ್ಟ್ ವಾರಕ್ಕೊಂದು ಇಡೀ ದಿನ ಒಂದು ಶಾಲೆಯಲ್ಲಿರುತ್ತಾರೆ. ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯದೆ ತರಗತಿಯಲ್ಲೇ ಶಿಕ್ಷಕರ ಜೊತೆ ನಿಂತು ಕಲಿಸುತ್ತಾರೆ. ರಾವಂದೂರು ಹೋಬಳಿಗೆ ಇದನ್ನು ಒಗ್ಗಿಸಿಕೊಳ್ಳಬಹುದು: ಇಡೀ ತಾಲ್ಲೂಕಿಗೆ ಒಬ್ಬಳು ಅಲೆಯುವ ಬದಲು ಹೋಬಳಿಗೊಂದು ನೆಲೆ, ಕ್ಲಸ್ಟರಿಗೆ ನಿಗದಿಯಾದ ದಿನ, ವಾರದಲ್ಲಿ ಒಂದು ದಿನ ಪೂರ್ತಿ ಸಲಕರಣೆ ಮಾಡಲು, ತಿದ್ದಲು. ಆ ದಿನಕ್ಕೆ ಹೊಲಿಗೆ ಯಂತ್ರ, ಫೋಮು, ರಟ್ಟು, ಅಂಟು ಬಿ.ಆರ್.ಸಿ.ಯಲ್ಲೇ ಇರಬೇಕು. ಬೈಲಕುಪ್ಪೆಯ ಟಿಬೆಟನ್ ನೆಲೆಯಲ್ಲಿ ಜಮಖಾನೆ ನೇಯುವವರಿಂದ ಹಿಡಿದು ಹೋಬಳಿಯ ದರ್ಜಿ, ಬಡಗಿಯವರೆಗೆ ಈ ತಾಲ್ಲೂಕಿನಲ್ಲಿ ಪಳಗಿದ ಕೈಗಳಿಗೆ ಬರವಿಲ್ಲ. ಕೂಲಿ ಕೊಟ್ಟರೆ ಅವರು ಥೆರಪಿಸ್ಟಿನ ಅಳತೆಗೆ ಸಲಕರಣೆ ಮಾಡಿಕೊಡಬಲ್ಲರು. ಖರ್ಚು ಇದೆ, ನಿಜ. ಆದರೆ ಮಗುವಿನ ಬೆನ್ನಿಗೆ ಹೊಂದದೆ ಅಟ್ಟ ಸೇರುವ ಕುರ್ಚಿಗೂ ಸರ್ಕಾರ ಖರ್ಚು ಮಾಡಿಯೇ ಇರುತ್ತದೆ.

ಪ್ರಯಾಣದ ಮಾತು ಇಲ್ಲಿ ಸಣ್ಣದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಕಡಿಮೆ ಸಂಬಳದ ಕ್ಷೇತ್ರಕಾರ್ಯಕರ್ತೆಯರಿಗೆ ಅದು ನಿಜವಾದ ನೆರವು. ಆದರೆ ಟಿಕೆಟ್ಟು ಉಚಿತವಾಯಿತೇ ಹೊರತು ಕಾಯುವ ಹೊತ್ತು ಕಡಿಮೆಯಾಗಲಿಲ್ಲ. ಬಸ್ಸು ತಪ್ಪಿದ ಸಂಜೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದೇ ತಾಯ್ತನದ ನಿಜವಾದ ಪ್ರಶ್ನೆ. ಹಳ್ಳಿಕಡೆ ಅಜ್ಜಿ, ಅತ್ತೆ ಇದ್ದಾರಲ್ಲ ಎನ್ನುತ್ತಾರೆ. ಕೆಲಸಕ್ಕಾಗಿ ಬೇರೆ ಊರಿಗೆ ಬಂದವಳ ಅತ್ತೆ ಅವಳ ಜೊತೆ ಇರುವುದು ಅಪರೂಪ; ಇದ್ದರೂ ಸೊಪ್ಪಿನ ಕಾಲದಲ್ಲಿ ಅತ್ತೆಗೂ ಬಿಡುವಿಲ್ಲ, ಮತ್ತು ಅತ್ತೆಯ ದುಡಿಮೆಯನ್ನೂ ಪುಕ್ಕಟೆ ಎಂದೇ ಎಣಿಸಿದಂತಾಯಿತು. 2023-24ರಲ್ಲಿ ರಾಜ್ಯ ಸರ್ಕಾರ ಸುಮಾರು 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಹೊರಟಿತು, ಮುಖ್ಯವಾಗಿ ನರೇಗಾ ಕೂಲಿಯ ತಾಯಂದಿರಿಗಾಗಿ. ಅದರ ವೇಳೆ ಸಂಜೆಯ ಬಸ್ಸಿನವರೆಗೆ ಚಾಚಿದರೆ, ಅಂಗವೈಕಲ್ಯವಿರುವ ಮಗುವನ್ನೂ ಸೇರಿಸಿಕೊಳ್ಳುವ ತರಬೇತಿ ಅಲ್ಲಿನವರಿಗೆ ಸಿಕ್ಕರೆ, ಥೆರಪಿಸ್ಟಿನ ಮಗು, ಸೊಪ್ಪು ಕಟ್ಟುವವಳ ಮಗು ಒಂದೇ ಚಾಪೆಯ ಮೇಲೆ ಆಡಬಹುದು. ಇಬ್ಬರು ತಾಯಂದಿರ ಹಿತ ಒಂದೇ ಎಂಬುದಕ್ಕೆ ಇದಕ್ಕಿಂತ ಸರಳವಾದ ಏರ್ಪಾಡು ನನಗೆ ತೋಚುವುದಿಲ್ಲ.

ರಜೆಯ ಕಾನೂನಿನಲ್ಲೂ ಇದೇ ಬಿರುಕು. 2021ರಲ್ಲಿ ಕರ್ನಾಟಕ ತನ್ನ ಮಹಿಳಾ ನೌಕರರಿಗೆ ಸೇವೆಯಲ್ಲಿ ಒಟ್ಟು ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಕಾಯಂ ಅಲ್ಲದವಳಿಗೆ ಅದು ಕೈಗೆಟುಕದ ಹಣ್ಣು. ಗುತ್ತಿಗೆ ಮುಗಿದರೂ ಹೆರಿಗೆಯ ಸೌಲಭ್ಯ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಕವಿತಾ ಯಾದವ್ ಪ್ರಕರಣದಲ್ಲಿ ಹೇಳಬೇಕಾಯಿತು. ಅಂಗವೈಕಲ್ಯವಿರುವ ಮಗನ ಆರೈಕೆಗೆ ರಜೆ ಕೇಳಿದ ಹಿಮಾಚಲ ಪ್ರದೇಶದ ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ, ಹೆಂಗಸರು ಉದ್ಯೋಗದಲ್ಲಿ ಭಾಗವಹಿಸುವುದು ಯಾರೋ ಕೊಡುವ ರಿಯಾಯಿತಿಯಲ್ಲ, ಸಂವಿಧಾನದ ಅಗತ್ಯ ಎಂದು 2024ರಲ್ಲಿ ಅದೇ ಕೋರ್ಟು ಹೇಳಿತು. ತೀರ್ಪುಗಳು ಚೆನ್ನಾಗಿವೆ. ತೀರ್ಪು ಬೇಕಾಗುವ ಮೊದಲೇ ನೇಮಕಾತಿ ಆದೇಶದಲ್ಲಿ ಆ ಸಾಲುಗಳು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮನೆಯೊಳಗಿನ ಪಾಲುದಾರಿಕೆಯ ಬಗ್ಗೆ ಉಪದೇಶ ಬೇಡ, ಅಂಕಿಯೇ ಸಾಕು: 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ‘ಮಾಡುವ ಗಂಡಸರು’ ಎಂಬುದನ್ನು ಗಮನಿಸಬೇಕು. ಹೆಂಗಸರಲ್ಲಿ ನೂರಕ್ಕೆ 81 ಮಂದಿ ಆ ಗುಂಪಿನಲ್ಲಿದ್ದರೆ ಗಂಡಸರಲ್ಲಿ 26.

ಉಳಿದದ್ದು ತನ್ನ ಖುಷಿಗಷ್ಟೇ ಮಾಡುವ ಆ ಮೂರನೆಯ ಕೈಗೆಲಸ. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಕೂತ ಹೆಂಗಸಿಗೆ ಇಲ್ಲದ ಸುಖ ಥೆರಪಿಸ್ಟಿಗೆ ಯಾಕೆ, ಇದು ಓದಿದವರ ಚೋದ್ಯ ಎನ್ನುವವರಿಗೆ ಒಂದೇ ಉತ್ತರ: ಬ್ಯಾರನ್ನಿನ ಮುಂದಿನ ಹೆಂಗಸಿಗೂ ಹಬ್ಬದ ಹಿಂದಿನ ರಾತ್ರಿ ಅಂಗಳ ತುಂಬ ರಂಗೋಲಿ ಬಿಡುವ ಆಸೆ ಇದೆ, ಅದಕ್ಕೆ ಹೊತ್ತು ಸಾಲದಿರುವುದು ಅವಳಿಗೂ ಆದ ಅನ್ಯಾಯವೇ ಹೊರತು ಇನ್ನೊಬ್ಬಳ ಹೊತ್ತು ಕಸಿಯಲು ನೆಪವಲ್ಲ. ಈ ಕೈಗೆಲಸದಿಂದ ಶಾಲೆಗೆ ಲಾಭವಾಗುತ್ತದೆ, ಥೆರಪಿ ಸುಧಾರಿಸುತ್ತದೆ, ತಾಯಿ ಮಗುವಿನ ಬಾಂಧವ್ಯ ಬೆಳೆಯುತ್ತದೆ ಎಂದೆಲ್ಲ ಸಮರ್ಥಿಸಲು ನಾನು ಸಿದ್ಧನಿಲ್ಲ. ಸಮರ್ಥನೆ ಕೊಟ್ಟ ಕ್ಷಣವೇ ಅದು ಮತ್ತೆ ಕೆಲಸದ ಖಾತೆಗೆ ಜಾರುತ್ತದೆ. ಅದರಿಂದ ಏನೂ ಲಾಭವಾಗದಿದ್ದರೂ ನಡೆಯುತ್ತದೆ. ಇಲಾಖೆಯಿಂದ ಈ ವಿಷಯದಲ್ಲಿ ಆಗಬೇಕಾದ ಸಹಾಯ ಬಹಳ ಸಣ್ಣದು: ಅವಳಿಗೆ ಕ್ರೋಶಾ ಬರುತ್ತದೆಂದು ಗೊತ್ತಾದ ಮಾತ್ರಕ್ಕೆ, ಜಿಲ್ಲಾ ಮಟ್ಟದ ಕರಕುಶಲ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿ ಎಂದು ಅವಳನ್ನು ಭಾನುವಾರ ನಿಯೋಜಿಸದಿರುವುದು.